ಕೆಂಪು ಹೃದಯದ ಲೇಬಲ್ಲು

ಅಚ್ಚುಮಾಮನಿಗೆ ಮೂಗಿನ ತುದಿಯಲ್ಲೇ ಕೋಪ. ಮೂವತ್ತೊಂದು ವರ್ಷದಿಂದ ಲೇಬಲ್ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಮಷಿನ್ ನಡೆಸುತ್ತಿದ್ದಾನೆ. ಬಣ್ಣ ಕೂದಲೆಳೆಯಷ್ಟು ಸರಿದರೂ ಸಾಕು, ಕಟ್ಟಿಗೆ ಕಟ್ಟೇ ರದ್ದಿಗೆ ಎಸೆದು ಎಲ್ಲರಿಗೂ ಮಂಗಳಾರತಿ ಎತ್ತುತ್ತಾನೆ. ಲೇಬಲ್ಲಿನಲ್ಲಿ ಏನು ಬರೆದಿದೆ ಎಂದು ಮಾತ್ರ ತಲೆ ಕೆಡಿಸಿಕೊಂಡವನಲ್ಲ. "ಬರೆದೋನ ಪಾಪ ಬರೆದೋನಿಗೆ, ನಂದು ಬಣ್ಣದ ಕೆಲಸ" ಎನ್ನುತ್ತಿದ್ದ. ನೀರು ತನ್ನ ಕಾಲಬುಡಕ್ಕೆ ಬರುವ ತನಕ ಎಲ್ಲರೂ ಹೀಗೇ ತಾನೆ ಅನ್ನುವುದು!

ಒಂದು ಭಾನುವಾರ ಅಕ್ಕನ ಮನೆಗೆ ಹೋದ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ. ಹೋದ ವರ್ಷ ಹೃದಯಾಘಾತವಾಗಿ ಬದುಕಿ ಉಳಿದದ್ದೇ ದೊಡ್ಡದು. ದಿನಾ ಎರಡು ಮಾತ್ರೆ, ಒಂದು ದಿನವೂ ತಪ್ಪಿಸಕೂಡದು ಎಂದು ಡಾಕ್ಟರಮ್ಮ ತಾಕೀತು ಮಾಡಿದ್ದರು. ಈಗ ನೋಡಿದರೆ ಹೊಲಿಗೆ ಮಷಿನ್ನಿನ ಪಕ್ಕ ವಿಟಮಿನ್ ಸಿ ಮಾತ್ರೆಯ ಸೀಸೆ. ಮೇಲೆ ದಪ್ಪಗೆ ಕೆಂಪು ಹೃದಯ, 'ನಿಮ್ಮ ಹೃದಯದ ಕಾವಲುಗಾರ' ಎಂಬ ಸಾಲು.

"ಡಾಕ್ಟರಮ್ಮನ ಮಾತ್ರೆ ಎಲ್ಲಿ ಅಕ್ಕಾ?"

"ಬಿಟ್ಟು ಒಂದೂವರೆ ತಿಂಗಳಾಯ್ತು ಕಣೋ. ತಗೊಂಡ್ರೆ ಹೊಟ್ಟೆ ಉರಿ. ಇದಾದ್ರೆ ಹುಳಿಹುಳಿಯಾಗಿದೆ, ಚೀಪ್ತಾ ಹೊಲೀಬಹುದು."

"ಅಯ್ಯೋ ನಿನ್ನ! ಯಾವ ಪುಣ್ಯಾತ್ಮ ಹೇಳಿದ?"

"ಯಾರು ಹೇಳ್ಬೇಕು? ಸೀಸೆ ಮೇಲೇ ಬರೆದಿದೆಯಲ್ಲ."

ಮಾರನೆಯ ಬೆಳಿಗ್ಗೆಯೇ ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರಮ್ಮ ಸೀಸೆ ತಿರುಗಿಸಿ ನೋಡಿದರು. "ವಿಟಮಿನ್ ಸಿ ಬೇಡ ಅಂತಲ್ಲ, ಹಣ್ಣು ತರಕಾರೀಲೇ ಸಿಗುತ್ತೆ. ಸಾವಿರಾರು ಜನಕ್ಕೆ ವರ್ಷಗಟ್ಟಲೆ ಈ ಮಾತ್ರೆ ಕೊಟ್ಟು ನೋಡಿದ್ದಾರೆ, ಹೃದಯಾಘಾತ ಕಡಿಮೆ ಆಗ್ಲಿಲ್ಲ. ಹೊಟ್ಟೆ ಉರಿದ್ರೆ ನನ್ನನ್ನ ಕೇಳ್ಬೇಕಿತ್ತಮ್ಮ, ಬದಲಿಸಿ ಕೊಡ್ತಿದ್ದೆ. ಸದ್ಯ, ಬೇಗ ಬಂದ್ರಿ. ಇದು ಔಷಧವಲ್ಲ ಅಂತ ಇಲ್ಲೇ ಕೆಳಗೆ ಹಾಕಿದ್ದಾರೆ, ಯಾರ ಕಣ್ಣಿಗೆ ಕಾಣುತ್ತೆ!"

ಅಚ್ಚುಮಾಮ ಸೀಸೆ ತೆಗೆದುಕೊಂಡು ಆ ಸಾಲು ನೋಡಿದ. ಅವನ ಮಷಿನ್ನಿನಲ್ಲೇ ಅಚ್ಚಾದ ಲೇಬಲ್ಲು. ಆ ಸಾಲು ಮೊದಲು ಓದುವಷ್ಟು ದೊಡ್ಡದಿತ್ತು. ಮಾತ್ರೆ ಕಂಪನಿಯವನು ಬಂದು ಇನ್ನೂ ಚಿಕ್ಕದು ಮಾಡಿ ಎಂದಿದ್ದ. "ಇರುವೆ ಕಾಲಿನಷ್ಟು ಮಾಡಿದ್ರೂ ನನ್ನ ಕೈಲಿ ಒಂದಕ್ಷರ ಒಡೆಯಲ್ಲ" ಎಂದು ಜಂಭ ಕೊಚ್ಚಿ, ಮಾಡಿ ತೋರಿಸಿ, ಬೆನ್ನು ತಟ್ಟಿಸಿಕೊಂಡಿದ್ದವನು ಇವನೇ.

ನೆಟ್ಟಗೆ ಪ್ರೆಸ್ಸಿಗೆ ಹೋಗಿ ಮಾಲೀಕನ ಮುಂದೆ ಆ ಲೇಬಲ್ಲಿನ ಹೊಸ ಹಾಳೆಗಳನ್ನು ಕುಕ್ಕಿದ. "ಇನ್ನು ಇದು ನನ್ನ ಮಷಿನ್ ಹತ್ತಲ್ಲ!"

"ಕಾನೂನು ಪ್ರಕಾರವೇ ಇದೆಯಲ್ಲಯ್ಯ. ಆ ಸಾಲು ಇದೆ ತಾನೆ?"

"ಇದೆ, ದುರ್ಬೀನು ಇಟ್ಕೊಂಡು ಓದೋರಿಗೆ! ಜನರ ಕಣ್ಣಿಗೆ ಮಣ್ಣೆರಚೋದಕ್ಕೆ ಕಾನೂನು ಬೇರೆ ಕೇಡು!"

"ನೀನಲ್ಲದಿದ್ರೆ ಇನ್ನೊಬ್ಬ ಹಾಕ್ತಾನೆ" ಎಂದ ಮಾಲೀಕ, ತಣ್ಣಗೆ. ಎಂಥ ಮಾತು! ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮಷಿನ್ನಿನಲ್ಲಿ ಆ ಕೆಂಪು ಹೃದಯಗಳು ಸಾಲಾಗಿ ಉದುರತೊಡಗಿದವು.

ಸಂಜೆ ಅಕ್ಕನ ಮನೆಯಲ್ಲಿ ಕೂತು ಕಂಪನಿಯವರ ಏಳು ತಲೆಮಾರನ್ನೂ ಜಾಲಾಡಿದ. ಅಕ್ಕ ಹೊಸ ಮಾತ್ರೆ ನುಂಗಿ, ಲೋಟ ಕೆಳಗಿಟ್ಟು, ಮೆಲ್ಲಗೆ ಹೇಳಿದಳು: "ಪಕ್ಕದ ಮನೆಯವಳಿಗೂ ಒಂದು ಸೀಸೆ ಕೊಡಿಸಿದ್ದೆ ಕಣೋ. ಅವಳಿಗೂ ಎದೆ ಕಾಯಿಲೆ. ನನ್ನ ತಮ್ಮನೇ ಅಚ್ಚು ಹಾಕಿದ್ದು, ಸುಳ್ಳಿರಲ್ಲ ಅಂದಿದ್ದೆ."

ಅಚ್ಚುಮಾಮ ಎದ್ದು ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದ. ಬಾಗಿಲು ತೆರೆದ ಹೆಂಗಸಿಗೆ ಕೈ ಮುಗಿದ.

"ಅಮ್ಮಾ, ಆ ಸೀಸೆ ಮೇಲಿರೋ ಸುಳ್ಳು ಅಚ್ಚು ಹಾಕಿದವನು ನಾನೇ."