ಫರ್ಹತ್‌ಳ ಮುಗಿದ ಗಡುವು

ಕರಾಚಿಯಲ್ಲಿ ಹುಟ್ಟಿದ ಫರ್ಹತ್ ಸೋದರಮಾವನ ಮಗ ದಾದಾಪೀರನನ್ನು ಮದುವೆಯಾಗಿ ಕುರುಗೋಡಿಗೆ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಆದರೂ ಇಲ್ಲಿ ವಾಸಿಸುವ ಪರವಾನಗಿಯನ್ನು ಅವಳು ವರ್ಷವರ್ಷವೂ ಬಳ್ಳಾರಿಯ ಪೊಲೀಸ್ ಕಚೇರಿಗೆ ಹೋಗಿ ನವೀಕರಿಸಬೇಕಿತ್ತು.

೨೦೦೮ರಲ್ಲಿ ಅದಿರಿನ ಲಾರಿ ಬಡಿದು ದಾದಾಪೀರ್ ತೀರಿಕೊಂಡ. ವಿಧವೆ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರಬೇಕಾದ ಇದ್ದತ್ ಮುಗಿಯುವಷ್ಟರಲ್ಲಿ ಪರವಾನಗಿಯ ಗಡುವು ಮೀರಿ ಎರಡು ತಿಂಗಳಾಗಿತ್ತು.

ಮರುದಿನವೇ ಅವಳು ನೆರೆಮನೆಯ ಪಾರಮ್ಮನನ್ನು ಕರೆದುಕೊಂಡು ಕಚೇರಿಗೆ ಹೋದಳು. ಗುಮಾಸ್ತ ಕಡತ ತಿರುವಿ, "ಗಂಡನ ಜಾಮೀನಿನ ಮ್ಯಾಲ ಇದ್ರಿ. ಈಗ ಇಲ್ಲೀವ್ರು ಬ್ಯಾರೆ ಯಾರರ ಜಾಮೀನು ನಿಲ್ಲಬೇಕು. ಇಲ್ಲಾಂದ್ರ ವಾಪಸ್ ಹೋಗಬೇಕಾಕ್ಕೈತಿ" ಎಂದ.

"ಯಾರ ಹತ್ರ ಹೋಗ್ಲಿರಿ? ಅಲ್ಲಿ ಯಾರೂ ಉಳಿದಿಲ್ಲ. ಮಗಳು ಇಲ್ಲೇ ಸಾಲಿಗಿ ಹೊಕ್ಕಾಳ" ಎಂದಳು ಫರ್ಹತ್.

ಬಳ್ಳಾರಿಯದೇ ಬ್ರೂಸ್‌ಪೇಟೆಯಲ್ಲಿ ಅಂಗಡಿಯಿಟ್ಟಿದ್ದ ಮೈದುನನ ಬಳಿ ಓಡಿದಳು. ಅವನು ತಲೆ ಎತ್ತದೆ, "ಪೊಲೀಸರು ನನ್ನ ಮನಿಗಿ ಬರೋದು ಬ್ಯಾಡ ಭಾಭಿ" ಎಂದ. ಅಂಗಡಿಯ ಮೆಟ್ಟಿಲ ಮೇಲೇ ಅವಳು ಕುಸಿದು ಕುಳಿತಳು.

ಪಾರಮ್ಮ ಅವಳನ್ನು ಎಬ್ಬಿಸಿ ಮತ್ತೆ ಕಚೇರಿಗೆ ಕರೆದೊಯ್ದಳು. "ಈಕಿ ನಮ್ಮೂರಾಕಿ. ಎಲ್ಲಿ ಒತ್ತಬೇಕು ಹೇಳ್ರಿ" ಎಂದು ಹೆಬ್ಬೆರಳು ಚಾಚಿದಳು.

ಗುಮಾಸ್ತ ಹೆಬ್ಬೆಟ್ಟು ಒತ್ತಿಸಿಕೊಂಡು, ಮೂರು ತಿಂಗಳು ಇಲ್ಲಿರಬಹುದೆಂದು ಚೀಟಿ ಬರೆದುಕೊಟ್ಟ. ಆಮೇಲೆ ಏನು ಎಂದು ಫರ್ಹತ್ ಕೇಳಿದಾಗ, ಬೆಂಗಳೂರಿನಿಂದ ಉತ್ತರ ಬರಬೇಕು ಎಂದಷ್ಟೇ ಹೇಳಿದ.