ಮತಪತ್ರದಲ್ಲಿಲ್ಲದ ಮೇಜರ್ ಅಕ್ಕ

ರಾಜ್ಯೋತ್ಸವಕ್ಕೆ ರೇಷ್ಮೆ ಸೀರೆ ಉಟ್ಟು ಬಂದರೂ ಅವರ ಕಾಲಲ್ಲಿ ಸೈನ್ಯದ ಕಪ್ಪು ಬೂಟು ಇರುತ್ತಿತ್ತು. ಬೇರೇನು ಹಾಕಿದರೂ ಹಿಮ್ಮಡಿ ನೋಯುತ್ತದೆ ಎನ್ನುತ್ತಿದ್ದರು. ಮಂಡ್ಯದಲ್ಲಿ ಹುಟ್ಟಿ, ಅಮೆರಿಕದ ಸೈನ್ಯದಲ್ಲಿ ನರ್ಸಾಗಿ ಮೇಜರ್ ಪದವಿಯವರೆಗೆ ಏರಿ, ನಿವೃತ್ತರಾದ ಮೇಲೆ ಅಲ್ಲಿಯದೇ ಮುಕಿಲ್ಟಿಯೊ ಊರಿನ ನಮ್ಮ ಬೀದಿಗೆ ಬಂದವರು. ಇಲ್ಲಿನ ಕನ್ನಡದ ಮನೆಗಳಿಗೆಲ್ಲ ಅವರು ಮೇಜರ್ ಅಕ್ಕ. ಅವರಿಗಿಂತ ದೊಡ್ಡವಳಾದ ನನ್ನ ಅಮ್ಮನಿಗೂ ಅಕ್ಕನೇ.

ಮಾತಾಡುತ್ತಲೇ ನಮ್ಮ ಕೈ ಹಿಡಿದು ನಾಡಿ ನೋಡಿಬಿಡುವುದು ಅವರ ಅಭ್ಯಾಸ. ಮಗಳಿಗೆ ಜ್ವರ ಏರಿ ನಾನು ಅಳುತ್ತ ಫೋನ್ ಮಾಡಿದ ದಿನ ಓಡಿ ಬಂದವರು ಮೊದಲು ನನ್ನನ್ನು ಕೂರಿಸಿದರು. "ಫಸ್ಟ್ ನೀರ್ ಕುಡಿ, ಆಮೇಲ್ ಅಳುವಂತೆ," ಎಂದರು. ಕುಡಿದೆ. ಎದುರಾಡುವ ಧೈರ್ಯ ಯಾರಿಗಿತ್ತು!

ನಮ್ಮ ಗುಡ್ಡದ ರಸ್ತೆಗೆ ಫುಟ್‌ಪಾತ್ ಇಲ್ಲ. ಶಾಲೆಯ ಬಸ್ಸನ್ನೇ ರದ್ದು ಮಾಡುವ ಮಾತು ಬಂದಾಗ ಅಕ್ಕ ಶಾಲಾ ಮಂಡಳಿಯ ಚುನಾವಣೆಗೆ ನಿಂತರು. ಚಳಿಗಾಲದ ಕತ್ತಲಲ್ಲಿ ಮಕ್ಕಳು ಕಾರುಗಳ ಪಕ್ಕ ನಡೆಯಬೇಕೇ? ಅವರದು ಇದೊಂದೇ ಪ್ರಶ್ನೆ. ಬೀದಿಬದಿ ಹೆಸರಿನ ಬೋರ್ಡ್ ನೆಡುವುದು ಗಲೀಜು ಎಂದು ಬೇಡವೆಂದರು. ನಾವೇನು ಕಡಿಮೆಯೇ? "ಮೇಜರ್ ಅಕ್ಕನಿಗೇ ನಮ್ಮ ವೋಟು" ಎಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ದಿನವೂ ಡಂಗುರ ಸಾರಿದೆವು.

ಅಂಚೆಯಲ್ಲಿ ಮತಪತ್ರ ಮನೆಗೆ ಬಂತು. ಅವತ್ತೇ ಫೋನುಗಳು ಶುರು. "ಮೇಜರ್ ಅಕ್ಕನ ಹೆಸರೇ ಇಲ್ವಲ್ರೀ?"

ಹೆಸರು ಇತ್ತು. ಆದರೆ ಈ ರಾಜ್ಯದಲ್ಲಿ ಮತಪತ್ರದ ಮೇಲೆ ಸೈನ್ಯದ ಪದವಿ ಹಾಕುವಂತಿಲ್ಲ, ಅಡ್ಡಹೆಸರೆಂದು ಕೇಳಿದರೂ ಒಪ್ಪುವುದಿಲ್ಲ. ಅಲ್ಲಿದ್ದದ್ದು ಅಪ್ಪನ ಹೆಸರೂ ಸೇರಿದ ಅವರ ಬರೀ ಹೆಸರು. ಹಿರಿಯರನ್ನು ಹೆಸರು ಹಿಡಿದು ಕರೆಯಬಾರದೆಂದು ಬೆಳೆದ ನಮಗೆ ಅದು ಗೊತ್ತೇ ಇರಲಿಲ್ಲ. ನನ್ನ ಫೋನಿನಲ್ಲೂ ಅವರು ಮೇಜರ್ ಅಕ್ಕನೇ.

ವಿಷಯ ತಿಳಿದ ಅಕ್ಕ ಸಂಜೆಯೇ ಮನೆಮನೆಗೆ ಬಂದು, ಹೊಸಬರಂತೆ ಹೆಸರು ಹೇಳಿಕೊಂಡರು. ನಮ್ಮ ಮನೆಗೆ ಬರುವಷ್ಟರಲ್ಲಿ ತಡವಾಗಿತ್ತು. ನಾನು ಮೀಟಿಂಗಿನಲ್ಲಿದ್ದಾಗ ಅಮ್ಮ ಪಟ್ಟಿಯಲ್ಲಿಲ್ಲದವರ ಹೆಸರು ಬರೆಯಲೆಂದು ಬಿಟ್ಟ ಕೊನೆಯ ಖಾಲಿ ಗೆರೆಯ ಮೇಲೆ ಕನ್ನಡದಲ್ಲಿ ದುಂಡಗೆ "ಮೇಜರ್ ಅಕ್ಕ" ಎಂದು ಬರೆದು ಮತದ ಡಬ್ಬಕ್ಕೆ ಹಾಕಿ ಬಂದಿದ್ದಳು. ಅಂಥ ವೋಟು ಲೆಕ್ಕಕ್ಕೆ ಬರುವುದಿಲ್ಲ. ಇನ್ನೂ ಎಷ್ಟು ಮನೆಗಳಲ್ಲಿ ಹೀಗಾಯಿತೋ.

ಅಕ್ಕ ಬೆರಳೆಣಿಕೆಯ ವೋಟುಗಳಲ್ಲಿ ಸೋತರು. ಅಮ್ಮ ಕೋಡುಬಳೆ ಕಟ್ಟಿಕೊಂಡು ಹೋಗಿ ಅವರೆದುರು ಅತ್ತಳು. "ನಾನೇ ನಿಮ್ಮನ್ನ ಸೋಲಿಸ್ಬಿಟ್ಟೆ."

ಅಕ್ಕ ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡು ನಕ್ಕರು. "ಬುಡಿ ಅಮ್ಮಾ. ಮೇಜರ್ ಅಂತ ಸೈನ್ಯ ಕೊಟ್ಟಿದ್ದು, ಅಕ್ಕ ಅಂತ ನೀವ್ ಕೊಟ್ಟಿದ್ದು. ಅದೇನ್ ಸಣ್ ಮಾತಾ? ಮುಂದಿನ್ ಎಲೆಕ್ಷನ್‌ಗೂ ನಿಂತ್ಕೋತೀನಿ. ಅಷ್ಟ್ರಲ್ಲಿ ಎಲ್ರೂ ನನ್ನೆಸ್ರು ಬಾಯಿಪಾಠ ಮಾಡ್ಕೊಂಬುಡಿ."

ಬಸ್ಸು ರದ್ದಾಯಿತು. ಆ ಚಳಿಗಾಲವೆಲ್ಲ ಬೆಳಗ್ಗೆ ಟಾರ್ಚ್ ಹಿಡಿದು ಅವರೇ ಮಕ್ಕಳನ್ನು ಸಾಲಾಗಿ ಶಾಲೆಗೆ ನಡೆಸಿದರು. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ಮಗಳು ಅವರ ಹಿಂದೆ "ಎಡ, ಬಲ" ಎಂದು ಕೂಗುತ್ತ ಹೋಗುತ್ತಿದ್ದಳು. ಅವಳು ಒಂದು ದಿನವೂ ಹೆದರಲಿಲ್ಲ. ಆ ಋಣ ನನ್ನ ಮೇಲಿದೆ.

ಮುಂದಿನ ಚಳಿಗಾಲಕ್ಕೆ ಅಕ್ಕ ಉಳಿಯಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿತು. ಈಗ ಸರದಿಯ ಮೇಲೆ ನಾವು ಮಕ್ಕಳನ್ನು ನಡೆಸುತ್ತೇವೆ. ಈ ವರ್ಷ ಮತ್ತೆ ಶಾಲಾ ಮಂಡಳಿಯ ಚುನಾವಣೆ. ಅವರ ಪೂರ್ತಿ ಹೆಸರು ನಮ್ಮ ಬೀದಿಯ ಪ್ರತಿ ಮನೆಗೂ ಬಾಯಿಪಾಠವಾಗಿದೆ. ವೋಟು ಹಾಕೋಣವೆಂದರೆ ಅವರಿಲ್ಲ.