ಗೇಟಮ್ಮನ ಸ್ಟೂಲು

ಗಿರಣಿ ಮುಷ್ಕರದ ಕಾಲದಲ್ಲಿ ಗೇಟಿನ ಮುಂದೆ ಸ್ಟೂಲು ಹಾಕಿಕೊಂಡು ಕೂತರೆ ಪೊಲೀಸರು ಎತ್ತಿ ಒಗೆಯುವ ತನಕ ಅವಳು ಏಳುತ್ತಿರಲಿಲ್ಲ. ಆಗ ಬಿದ್ದ ಹೆಸರು ಗೇಟಮ್ಮ. ಆಮೇಲೆ ಗಿರಣಿ ಮುಚ್ಚಿತು, ಸಂಘ ಒಡೆಯಿತು, ಮುಖಂಡರು ದಪ್ಪಗಾದರು. ಸ್ಟೂಲು ಮಾತ್ರ ಉಳಿಯಿತು. ಈಗ ಅದು ಹಳೇ ಸೈಕಲ್ ಗೋದಾಮಿನ ಬಾಗಿಲಲ್ಲಿದೆ. ಮನೆಯಲ್ಲೇ ಬಿಟ್ಟರೆ ಉಳಿಯಲಾರದ ಪುಟ್ಟ ಮಕ್ಕಳನ್ನು ಅವಸರಕ್ಕೆ ತಂದು ಇರಿಸುವ ಜಾಗ ಅದು. ನಡೆಸುವವಳು ಗೇಟಮ್ಮ, ಅಡುಗೆ ಅವಳ ತಂಗಿಯದು.

ಎಷ್ಟು ಸಲ ಸುಣ್ಣ ಬಳಿದರೂ ಗೋಡೆಯಿಂದ ಟಯರಿನ ವಾಸನೆ ಹೋಗಿಲ್ಲ. ಬಚ್ಚಲಿಗೆ ಚಿಲಕವಿಲ್ಲ, ಪರದೆ ಇದೆ. ಚಿಲಕದ ಸದ್ದಿಗೆ ಬೆಚ್ಚಿ ಬೀಳುವ ಮಕ್ಕಳೇ ಹೆಚ್ಚು. ಬಂದ ಮಗುವಿಗೆ ಮೊದಲು ಊಟ. ಅದು ತಾನಾಗಿ ಹತ್ತಿರ ಬರುವ ತನಕ ಯಾರೂ ಅಪ್ಪಿಕೊಳ್ಳುವಂತಿಲ್ಲ. ಇನ್ನು ಡಾಕ್ಟರಮ್ಮ ನೋಡುವ ತನಕ ಸ್ನಾನವಿಲ್ಲ, ಬಟ್ಟೆ ಒಗೆಯುವಂತಿಲ್ಲ. "ಕೊಳೆಯೇ ನಮ್ ಸಾಕ್ಷಿ ಕಣೇ. ಕೊಳೆ ಹೋದ್ರೆ ಕೇಸೂ ಹೋಯ್ತು," ಎಂದು ತಂಗಿಗೆ ಹೇಳಿ ಹೇಳಿ ಗೇಟಮ್ಮನ ನಾಲಿಗೆ ಸವೆದಿತ್ತು.

ಆ ದಿನ ಶಾಲೆಯ ಟೀಚರು ಐದು ವರ್ಷದ ಹುಡುಗಿಯೊಬ್ಬಳನ್ನು ಕರೆತಂದಾಗ ಗೇಟಮ್ಮ ಬೇರೊಂದು ಮಗುವಿನ ಕೆಲಸಕ್ಕೆ ಠಾಣೆಗೆ ಹೋಗಿದ್ದಳು. ಹುಡುಗಿ ತನ್ನ ಮಲತಂದೆಯ ಬಗ್ಗೆ ಟೀಚರ ಕಿವಿಯಲ್ಲಿ ಒಂದು ಮಾತು ಹೇಳಿ ಬಾಯಿ ಹೊಲಿದುಕೊಂಡಿದ್ದಳು. ಇಲ್ಲಿ ತಟ್ಟೆ ಮುಟ್ಟಲಿಲ್ಲ. ಹಳದಿ ಫ್ರಾಕನ್ನು ಮುಷ್ಟಿಯಲ್ಲಿ ಹಿಂಡುತ್ತ ಒಂದೇ ಹಟ: "ತೊಳಿ. ತೊಳಿ." ತಂಗಿ ಒಲೆ ಹಚ್ಚಿದಳು. ನೀರು ಕಾಯಿಸಿದಳು.

ಗೇಟಮ್ಮ ಬಂದಾಗ ಹುಡುಗಿ ಸೋಪಿನ ಘಮದಲ್ಲಿ ನಿದ್ದೆ ಹೋಗಿದ್ದಳು. ಹಗ್ಗದ ಮೇಲಿನ ಫ್ರಾಕಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಏನೇ ಮಾಡ್ದೆ ನೀನು?"

"ಮಗು ಅಳ್ತಿತ್ತು ಅಕ್ಕಾ..."

"ಇವತ್ತೊಂದಿನ ಅತ್ತಿದ್ರೆ ಮುಗೀತಿತ್ತು. ಇನ್ನು ದಿನಾ ಅಳಬೇಕು."

ಆಡಿದಂತೆಯೇ ಆಯಿತು. ಖಚಿತವಾಗಿ ಏನೂ ಹೇಳಲಾರೆ ಎಂದರು ಡಾಕ್ಟರಮ್ಮ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹುಡುಗಿ ಮೇಜಿನ ಕಾಲು ನೋಡುತ್ತ ನಿಂತಳು. ಮಲತಂದೆ ಗಡಿಯಾರ ರಿಪೇರಿಯವನು. ಇಸ್ತ್ರಿ ಶರಟು, ಬೆಣ್ಣೆಯಂಥ ಮಾತು. ತಾಯಿ ಅವನ ಪಕ್ಕದಲ್ಲಿ ಕಲ್ಲಿನಂತೆ ಕೂತಿದ್ದಳು.

"ಸಾಕ್ಷಿ ಇಲ್ದೆ ಹೆತ್ತತಾಯಿಂದ ಮಗೂನ ಕೀಳೋಕಾಗುತ್ತೇನಮ್ಮ?" ಎಂದರು ಅಧ್ಯಕ್ಷರು.

"ಮಗೂನ ಕೀಳ್ಬೇಡಿ ಸ್ವಾಮಿ. ಅವನನ್ನ ಕಿತ್ತಾಕಿ," ಎಂದಳು ಗೇಟಮ್ಮ.

ಅಧ್ಯಕ್ಷರು ನಗಲಿಲ್ಲ. ಮಗು ಆ ಮನೆಗೇ ಹೋಯಿತು.

ತಂಗಿ ಒಲೆಯ ಮುಂದೆ ಕೂತು ಅಳುತ್ತಿದ್ದಳು. "ಅತ್ತಿದ್ದು ಸಾಕು. ಗೋದಾಮು ನೋಡ್ಕೋ," ಎಂದು ಗೇಟಮ್ಮ ಸ್ಟೂಲನ್ನು ಹೆಗಲಿಗೇರಿಸಿದಳು. ಅವಳು ಕಲಿತ ವಿದ್ಯೆ ಒಂದೇ, ಕೂರುವುದು.

ಗಡಿಯಾರದವನ ಮನೆಯ ಎದುರು, ರಸ್ತೆಯ ಆಚೆ ಬದಿಗೆ ಕೂತಳು. ಅವನು ಮನೆಯಲ್ಲಿದ್ದಷ್ಟು ಹೊತ್ತೂ ಅಲ್ಲೇ. ಅಂಗಡಿಗೆ ಹೋದನೆಂದರೆ ಇವಳೂ ಎದ್ದು ಗೋದಾಮಿಗೆ. ಕೇಳಿದವರಿಗೆ "ಗಾಳಿಗೆ ಕೂತಿದ್ದೀನಪ್ಪ" ಎನ್ನುವಳು. ಮಗುವಿನ ಹೆಸರನ್ನು ಬೀದಿಗೆ ಬೀಳಿಸುವಂತಿಲ್ಲ. ಕಣ್ಣು ಮಾತ್ರ ಆ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ.

"ವಯಸ್ಸಾಗಿದೆ ಅಮ್ಮಾ, ಬಿಸಿಲಲ್ಲಿ ಯಾಕೆ ಒಣಗ್ತೀರಿ?" ಎಂದ ಅವನು ಒಂದು ದಿನ.

"ನಾನು ಒಣಗಿ ಎಷ್ಟೋ ಕಾಲ ಆಯ್ತು. ನೆರಳಲ್ಲಿ ನಿಂತು ನೀನ್ಯಾಕಪ್ಪ ಬೆವರ್ತೀಯ?"

ಅವನು ಪೊಲೀಸರನ್ನು ಕರೆಸಿದ. ಬಂದ ಪೇದೆ ಎಳೆಯವನು.

"ಏಳಮ್ಮ."

"ಎತ್ತಪ್ಪ. ನಿಮ್ಮಪ್ಪನ ಕಾಲದವರೂ ಎತ್ತಿದ್ದಾರೆ. ಸೊಂಟ ಹಿಡ್ಕೊಂಡ್ರೆ ನನ್ನನ್ ಕೇಳ್ಬೇಡ."

ಪೇದೆ ತಲೆ ಕೆರೆದುಕೊಂಡು ಹೋದ. ಆದರೆ ಗೋಡೆಯ ಆಚೆ ಏನಾಗುತ್ತದೆ ಎಂಬುದು ಸ್ಟೂಲಿಗೆ ಕಾಣುವುದಿಲ್ಲ. ಅದು ಗೇಟಮ್ಮನಿಗೂ ಗೊತ್ತಿತ್ತು. ಗೊತ್ತಿದ್ದೇ ಕೂತಿದ್ದಳು.

ಒಂದು ಬೆಳಗ್ಗೆ ಅವನು ಅಂಗಡಿಗೆ ಹೊರಟ ಮೇಲೆ ಇವಳು ಸ್ಟೂಲು ಎತ್ತಿಕೊಳ್ಳುವಾಗ ಬಾಗಿಲು ತೆರೆಯಿತು. ತಾಯಿ ರಸ್ತೆ ದಾಟಿ ಬಂದಳು. ಕೈಯಲ್ಲಿ ಹಳೇ ಬಟ್ಟೆಯಲ್ಲಿ ಸುತ್ತಿದ ಗಂಟು.

"ಮಗೂ ಫ್ರಾಕು. ಹೋದ್ ವರ್ಷದ್ದು," ಎಂದಳು. "ಅಟ್ಟದ ಮೇಲೆ ಬಚ್ಚಿಟ್ಟಿದ್ದೆ. ತೊಳೆದಿಲ್ಲ."

ಗೇಟಮ್ಮ ಸ್ಟೂಲು ಬಿಟ್ಟು ಗಂಟು ತೆಗೆದುಕೊಂಡಳು. ಬಿಚ್ಚಿ ನೋಡಲಿಲ್ಲ, ನೋಡಬೇಕಾದವರು ನೋಡುತ್ತಾರೆ. ಹೋದ ವರ್ಷ ಎಂದರೆ ಮಗುವಿಗೆ ನಾಲ್ಕು. ತಾಯಿಗೆ ಆಗಿನಿಂದಲೂ ಗೊತ್ತು. ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರಿಂದ ಬಾರಿಸಲಿಲ್ಲ.

"ಸಮಿತಿ ಮುಂದೆ ಬಾಯಿಗೇನು ಬೀಗ ಹಾಕಿತ್ತಾ?"

"ಅವನನ್ನ ಬಿಟ್ಟು ಎಲ್ಲಿಗೆ ಹೋಗ್ಲಿ ಅಕ್ಕಾ?"

"ಗೋದಾಮಿಗೆ. ಟಯರ್ ವಾಸನೆ, ಸಹಿಸ್ಕೋ. ಮಗೂನ ಕರಿ. ಚಪ್ಪಲಿ ಹಾಕ್ಕೋ."

ಹುಡುಗಿ ಬಂದು ಅಷ್ಟು ದೂರದಲ್ಲೇ ನಿಂತಳು. ಗೇಟಮ್ಮ ಕೈ ಚಾಚಲಿಲ್ಲ. ಗಂಟನ್ನು ಕಂಕುಳಿಗೆ ಸಿಕ್ಕಿಸಿ, ಸ್ಟೂಲನ್ನು ಹೆಗಲಿಗೇರಿಸದೆ ಕೈಯಲ್ಲಿ ತೂಗಿಕೊಂಡಳು. ಸ್ವಲ್ಪ ಹೊತ್ತು ನೋಡಿ ಹುಡುಗಿ ಸ್ಟೂಲಿನ ಒಂದು ಕಾಲು ಹಿಡಿದುಕೊಂಡಳು. ಇಬ್ಬರೂ ಹೊರಟರು. ತಾಯಿ ಹಿಂದೆ ಬರುತ್ತಿದ್ದಳು. ಅವಳಿಗಾಗಿ ಗೇಟಮ್ಮ ಹೆಜ್ಜೆ ನಿಧಾನ ಮಾಡಲಿಲ್ಲ.